ಬುತ್ತಿ ಬಾರದ ಬೆಳಿಗ್ಗೆ

ಚಿತ್ತವಾಡ್ಗಿ, ಹೊಸಪೇಟೆ
ಶುಕ್ರವಾರ

ನನ್ನ ಮೊಂಡ ತುಳಸಿ,

ಮೊದಲು ಕೂತುಕೋ. ಒಲೆಯ ಮೇಲೆ ಏನಾದರೂ ಇದ್ದರೆ ಇಳಿಸಿ ಬಾ, ಮಗಳ ಕೈಗೆ ಒಂದು ಆಟದ ಸಾಮಾನು ಕೊಟ್ಟು ಪಕ್ಕದಲ್ಲಿ ಕೂರಿಸಿಕೋ. ನಿಂತುಕೊಂಡು ಓದುವ ಕಾಗದ ಅಲ್ಲ ಇದು. ಸಂಡೂರು ಬಸ್ಸಿನ ಕಂಡಕ್ಟರ್ ಉಚ್ಚೆಂಗಪ್ಪನ ಕೈಯಲ್ಲಿ ಡಬ್ಬಿ ಕಳಿಸುತ್ತೇನೆ, ನೀನೇ ಬಂದು ತಗೋ ಎಂದು ಫೋನಿನಲ್ಲಿ ಹೇಳಿದಾಗ ‘ಏನ್ ಐತ್ಲೇ ಅದರಾಗ, ಹೋಳಿಗೀನಾ?’ ಎಂದು ಆಸೆಯಿಂದ ಕೇಳಿದೆಯಲ್ಲ, ಡಬ್ಬಿಯಲ್ಲಿ ತಿನ್ನುವುದಕ್ಕೆ ಏನೂ ಇಲ್ಲ, ಇರುವುದು ಈ ಕಾಗದ ಒಂದೇ. ಬೈದುಕೋ. ಪರೀಕ್ಷೆಯ ವಿಷಯ ಎತ್ತಿದ ಕೂಡಲೇ ನೀನು ಫೋನ್ ಇಟ್ಟುಬಿಡುತ್ತೀಯ. ಕಾಗದವನ್ನು ಹೇಗೆ ಕಟ್ ಮಾಡುತ್ತೀಯೋ ನಾನೂ ನೋಡುತ್ತೇನೆ.

ನನಗೆ ತಡೆಯಲು ಆಗುತ್ತಿಲ್ಲ, ಹೇಳಿಯೇ ಬಿಡುತ್ತೇನೆ. ನಮ್ಮ ವಿಶ್ವವಿದ್ಯಾಲಯದವರು ಹಳೆಯ ವಿದ್ಯಾರ್ಥಿಗಳಿಗೆ ಉಳಿದುಹೋದ ಪೇಪರ್ ಬರೆಯಲು ಒಂದು ಸಲ ಅವಕಾಶ ಕೊಟ್ಟಿದ್ದಾರೆ! ನಮ್ಮ ಬ್ಯಾಚಿಗೂ ಇದೆ. ನಾನು ಸುಮ್ಮನೆ ಯಾರೋ ಹೇಳಿದ್ದನ್ನು ನಂಬಿಕೊಂಡು ಬರೆಯುತ್ತಿಲ್ಲ, ಕಾಲೇಜಿಗೆ ಖುದ್ದಾಗಿ ಹೋಗಿ ಕೇಳಿಕೊಂಡು ಬಂದೆ. ಬಿ.ಎಸ್ಸಿ. ಕೊನೆಯ ಸೆಮಿಸ್ಟರಿನ ಗಣಿತ, ನಿನ್ನದು ಅದೊಂದೇ. ಪರೀಕ್ಷೆ ಮುಂದಿನ ತಿಂಗಳು. ಇದು ತಪ್ಪಿದರೆ ಮತ್ತೆ ಇಲ್ಲ ಎಂದು ಗುಮಾಸ್ತರು ನನ್ನನ್ನೇ ಫೇಲಾದವಳು ಎಂದುಕೊಂಡು ಗದರಿಸಿ ಹೇಳಿದರು. ಗದರಿಸಿಕೊಂಡದ್ದಕ್ಕೆ ಇಷ್ಟು ಖುಷಿಯಾದದ್ದು ಇದೇ ಮೊದಲು.

ಹಾಗಾಗಿ ನೀನು ರೂಮಿಗೆ ಬರುತ್ತಿದ್ದೀಯ. ಕೇಳುತ್ತಿಲ್ಲ, ಹೇಳುತ್ತಿದ್ದೇನೆ. ಪರೀಕ್ಷೆಗೆ ಎರಡು ವಾರ ಮುಂಚೆ ಮಗಳನ್ನು ಎತ್ತಿಕೊಂಡು ಇಲ್ಲಿಗೆ ಬಾ. ಅದೇ ರೂಮು, ಅದೇ ಕಿಟಕಿ, ಕೆಳಗೆ ಅದೇ ಆಟೋಗಳ ಗಲಾಟೆ. ನಮ್ಮ ಓನರ್ ಎರ್ರೆಮ್ಮ ಇನ್ನೂ ಬೆಳಿಗ್ಗೆ ನಲ್ಲಿ ಬಂದ ಕೂಡಲೇ ‘ಏ ಹುಡುಗೇರಾ, ನೀರು ಬಂತು’ ಎಂದು ಕೂಗುತ್ತಾಳೆ. ರೂಮಿನಲ್ಲಿ ಈಗ ನಾನೊಬ್ಬಳೇ ಇದ್ದರೂ ಅವಳ ಬಾಯಲ್ಲಿ ನಾವು ಇನ್ನೂ ಇಬ್ಬರೇ.

ರೂಮು ಹುಡುಕಿಕೊಂಡು ಬಂದ ದಿನ ಅವಳು ಬಾಗಿಲಲ್ಲಿ ನಿಂತು ‘ನೀವು ಯಾವ ಪೈಕಿ?’ ಎಂದು ಕೇಳಿದ್ದು ನೆನಪಿದೆಯಾ? ಆ ಪ್ರಶ್ನೆಗೆ ಅಷ್ಟರಲ್ಲಿ ನಾನು ಎರಡು ಮನೆ ಕಳೆದುಕೊಂಡಿದ್ದೆ. ಬಂಡ್ರಿಯಿಂದ ಬಂದ ನಾನು, ಚೀಲದಲ್ಲಿ ಅಪ್ಪ ಕೊಟ್ಟ ಪುಟ್ಟ ಬುದ್ಧನ ಮೂರ್ತಿ. ಕಾಲೇಜಿನಲ್ಲಿ ಪರಿಚಯವಾಗಿ ಇನ್ನೂ ವಾರವಾಗಿರದ ಕಂಪ್ಲಿಯ ನೀನು ನನ್ನ ಮುಂದೆ ಬಂದು ನಿಂತು, ‘ನಾವು ಇಬ್ರೂ ಗಣಿತದ ಪೈಕಿ ಅಮ್ಮಾ, ಭಾಳ ಬಡಪಾಯಿಗಳು’ ಎಂದೆ. ಎರ್ರೆಮ್ಮ ನಕ್ಕಳು ನೋಡು, ನಗುತ್ತಲೇ ಕೀಲಿ ಕೊಟ್ಟಳು. ಆಮೇಲೆ ನನ್ನ ಜಾತಿ ಗೊತ್ತಾದಾಗಲೂ ರೂಮು ಬಿಡಿಸಲಿಲ್ಲ. ಗೂಡಿನಲ್ಲಿ ನಿನ್ನ ಹುಲಿಗೆಮ್ಮ ಮತ್ತು ನನ್ನ ಬುದ್ಧ ಪಕ್ಕಪಕ್ಕದಲ್ಲಿ ಮೂರು ವರ್ಷ ಇದ್ದರು, ನಮ್ಮಿಬ್ಬರಿಗಿಂತ ಕಡಿಮೆ ಜಗಳವಾಡಿಕೊಂಡು.

ಜಗಳ ಏನು ಕಡಿಮೆಯೇ! ನಾನು ಊರಿಗೆ ಹೋಗಿ ಬಂದು ಮೊದಲ ಸಲ ಬಟ್ಟೆ ನೆನೆಸಿದಾಗ ಬಕೆಟ್ಟಿನ ನೀರು ಕೆಂಪಾದದ್ದು ನೋಡಿ ನೀನು ‘ಗಾಯ ಎಲ್ಲಾಗೇತ್ಲೇ?’ ಎಂದು ಚೀರಿ ಇಡೀ ವಠಾರ ಸೇರಿಸಿದ್ದೆ. ಅದು ಗಣಿಯ ಧೂಳು ಕಣೇ, ನಮ್ಮ ಕಡೆ ಅದರಲ್ಲೇ ಬೆಳೆಯುತ್ತೇವೆ ಎಂದರೆ ನಂಬಿರಲಿಲ್ಲ. ಈಗ ಸಂಡೂರಿನ ಸೊಸೆಯಾಗಿ, ಗಣಿಯಲ್ಲಿ ಮಷೀನು ಓಡಿಸುವ ಗಂಡ ಕನಕರಾಜನ ಬಟ್ಟೆ ದಿನವೂ ಒಗೆಯುತ್ತೀಯಲ್ಲ, ಈಗ ಚೀರು!

ಗಣಿತದ ಮಟ್ಟಿಗೆ ಹೇಳುವುದಾದರೆ ನಾನು ನಿನ್ನ ಮೊದಲ ವಿದ್ಯಾರ್ಥಿ. ಬೋರ್ಡಿಲ್ಲ, ಹಾಳೆ ಸಾಲುವುದಿಲ್ಲ ಎಂದು ನೀನು ಎರ್ರೆಮ್ಮನ ರಂಗೋಲಿ ಡಬ್ಬಿ ತಂದು ನೆಲದ ಮೇಲೆ ಗ್ರಾಫ್ ಬಿಡಿಸುತ್ತಿದ್ದೆ. ನಾನು ಮಂಚದ ಮೇಲೆ ಕಾಲು ಮಡಚಿ ಕೂತು ‘ತಿಳೀಲಿಲ್ಲ, ಇನ್ನೊಮ್ಮಿ’ ಅನ್ನುತ್ತಿದ್ದೆ. ನೀನು ಅಳಿಸಿ ಮತ್ತೆ ಬಿಡಿಸುತ್ತಿದ್ದೆ. ಒಂದು ದಿನವೂ ನಿನಗೆ ಬೇಜಾರಾದದ್ದು ನಾನು ನೋಡಿಲ್ಲ. ಇವತ್ತು ನಾನು ಹೈಸ್ಕೂಲಿನಲ್ಲಿ ಗಣಿತದ ಟೀಚರ್, ಮಕ್ಕಳು ‘ಮಿಸ್ ಭಾಳ ಚಲೋ ಹೇಳಿಕೊಡ್ತಾರ’ ಅನ್ನುತ್ತಾರೆ. ಅವರು ಹೊಗಳುವುದು ನಿನ್ನನ್ನು. ಕ್ಲಾಸಿನಲ್ಲಿ ನಿಂತು ಎಷ್ಟೋ ಸಲ ಅಂದುಕೊಂಡಿದ್ದೇನೆ, ಇಲ್ಲಿ ನಿಲ್ಲಬೇಕಾದವಳು ಅವಳು ಎಂದು.

ಭಾನುವಾರ ಹಂಪಿಗೆ ಹೋಗಿ ಕಲ್ಲಿನ ಮಂಟಪದ ನೆರಳಿನಲ್ಲಿ ಓದುತ್ತಿದ್ದೆವಲ್ಲ, ರೂಮಿನ ಸೆಕೆ ತಡೆಯಲಾರದೆ. ಫಾರಿನ್ನಿನವರು ನಮ್ಮಿಬ್ಬರನ್ನೂ ನೋಡುವ ಸ್ಥಳ ಎಂದುಕೊಂಡು ಫೋಟೋ ತೆಗೆದುಕೊಂಡರು. ಆ ದೊಡ್ಡ ಕೋತಿ ಬಂದು ನಿನ್ನ ಬುತ್ತಿ ಎತ್ತಿಕೊಂಡು ಮಂಟಪದ ಮೇಲೆ ಹತ್ತಿ ಕೂತಾಗ ನೀನು ಕೆಳಗಿನಿಂದ ‘ಏ, ಅದು ನಮ್ಮವ್ವ ಮಾಡಿದ್ದು ಲೇ’ ಎಂದು ಅದಕ್ಕೆ ತಿಳಿಹೇಳುತ್ತಿದ್ದೆ. ಅದು ಚಿತ್ರಾನ್ನ ತಿಂದು ಖಾಲಿ ಡಬ್ಬಿ ಕೆಳಕ್ಕೆ ಎಸೆಯಿತು. ನಾನು ನಕ್ಕೂ ನಕ್ಕೂ ನೆಲಕ್ಕೆ ಬಿದ್ದಿದ್ದೆ. ನಿನಗೆ ಮಾತ್ರ ಅಳು. ಹಸಿವಿಗಲ್ಲ, ಅವ್ವ ಬೆಳಕು ಹರಿಯುವ ಮೊದಲೇ ಎದ್ದು ಮಾಡಿದ್ದು ಎಂದು.

ನಮ್ಮ ದಿನವೇ ಬಸ್‌ಸ್ಟ್ಯಾಂಡಿನಲ್ಲಿ ಶುರುವಾಗುತ್ತಿತ್ತು. ಊರಿನಲ್ಲಿ ಅವ್ವಂದಿರು ಬುತ್ತಿ ಕಟ್ಟಿ ಬೆಳಗಿನ ಬಸ್ಸಿಗೆ ಇಡುವುದು, ಹೊಸಪೇಟೆಯಲ್ಲಿ ರೂಮು ಮಾಡಿಕೊಂಡ ನಮ್ಮಂಥವರು ಓಡಿಹೋಗಿ ಇಳಿಸಿಕೊಳ್ಳುವುದು. ಡ್ರೈವರ್ ಪಕ್ಕದ ಬಾನೆಟ್ಟಿನ ಮೇಲೆ ಡಬ್ಬಿಗಳ ರಾಶಿ. ಕಟ್ಟಿದ ಬಟ್ಟೆ ನೋಡಿ ನಮ್ಮ ನಮ್ಮದನ್ನು ಗುರುತು ಹಿಡಿಯುತ್ತಿದ್ದೆವು. ಕಂಪ್ಲಿ ಬಸ್ಸಿನಲ್ಲಿ ನೀಲಿ ಚೌಕುಳಿ ಟವೆಲ್ಲಿನದು ನಿನ್ನದು, ಸಂಡೂರು ಬಸ್ಸಿನಲ್ಲಿ ನಮ್ಮವ್ವ ಕೊಟ್ರಮ್ಮನ ಹಳೆ ಸೀರೆಯ ತುಂಡಿನದು ನನ್ನದು. ನಿಮ್ಮ ಹೊಲದ ಅನ್ನ ನನಗೆ, ನಮ್ಮವ್ವನ ಜೋಳದ ರೊಟ್ಟಿ ನಿನಗೆ. ಒಬ್ಬರನ್ನೊಬ್ಬರು ನೋಡಿರದ ಇಬ್ಬರು ಅವ್ವಂದಿರು ‘ಆಕಿಗೆ ಖಾರ ಆಕ್ಕೇತೇನು ಕೇಳು’ ಎಂದು ನಮ್ಮ ಮೂಲಕ ವಿಚಾರಿಸಿಕೊಳ್ಳುತ್ತಿದ್ದರು.

ಬುತ್ತಿ ಬಂತೆಂದರೆ ಮನೆಯಲ್ಲಿ ಎಲ್ಲ ನೆಟ್ಟಗಿದೆ ಎಂದು ಅರ್ಥ. ಇದನ್ನು ನಮಗೆ ಯಾರೂ ಕೂರಿಸಿ ಹೇಳಿಕೊಟ್ಟಿರಲಿಲ್ಲ. ನಿಮ್ಮವ್ವ ವಿರುಪಮ್ಮ ಜ್ವರದಲ್ಲೂ ಕಳಿಸಿದವಳು, ನಾಟಿಯ ದಿನ ಕೆಸರುಗಾಲಲ್ಲೇ ಬಸ್ಸಿಗೆ ಓಡಿಬಂದು ಇಟ್ಟವಳು. ನಮ್ಮ ಕ್ಲಾಸಿನ ಹುಲಿಗೇಶನಿಗೆ ಒಂದು ದಿನ ಬುತ್ತಿ ಬರಲಿಲ್ಲ, ಮಧ್ಯಾಹ್ನದ ಹೊತ್ತಿಗೆ ಅವನ ಅಪ್ಪ ತೀರಿಕೊಂಡ ಸುದ್ದಿ ಬಂತು. ಅವತ್ತಿನಿಂದ ಬಸ್ಸು ಒಳಗೆ ಬರುವಾಗ ನಮ್ಮೆಲ್ಲರ ಕಣ್ಣು ಬಾನೆಟ್ಟಿನ ಮೇಲೆ.

ಅದಕ್ಕೇ ಆ ಬೆಳಿಗ್ಗೆ ನೀನು ಮಾಡಿದ್ದನ್ನು ತಪ್ಪು ಎಂದು ನಾನು ಇಷ್ಟು ವರ್ಷದಲ್ಲಿ ಒಮ್ಮೆಯೂ ಅಂದುಕೊಂಡಿಲ್ಲ. ಕೊನೆಯ ಪೇಪರಿನ ದಿನ. ಒಂದು ಲೆಕ್ಕ ಇನ್ನೊಮ್ಮೆ ನೋಡಿಕೊಳ್ಳುತ್ತೇನೆ ಎಂದು ನಾನು ಮೊದಲೇ ಕಾಲೇಜಿಗೆ ಹೋಗಿದ್ದೆ. ನೀನು ಬುತ್ತಿ ತೆಗೆದುಕೊಂಡು ಹಾಗೇ ಬರುತ್ತೇನೆ ಎಂದಿದ್ದೆ. ಕಂಪ್ಲಿ ಬಸ್ಸು ಬಂತು, ನೀಲಿ ಟವೆಲ್ ಇಲ್ಲ. ಅವತ್ತು ಹೊಸ ಕಂಡಕ್ಟರ್, ‘ಯಾರೂ ಏನೂ ಕೊಟ್ಟಿಲ್ಲಮ್ಮ’ ಎಂದ. ನಿಮ್ಮಪ್ಪನ ಫೋನು ಸ್ವಿಚ್ ಆಫ್. ಪೆನ್ನು, ಹಾಲ್ ಟಿಕೆಟ್ ಎಲ್ಲ ಕೈಯಲ್ಲಿ ಹಿಡಿದುಕೊಂಡೇ ನೀನು ಅದೇ ಬಸ್ಸು ಹತ್ತಿ ಕಂಪ್ಲಿಗೆ ಹೊರಟುಬಿಟ್ಟೆ. ಇಲ್ಲಿ ಹಾಲಿನಲ್ಲಿ ನನ್ನ ಮುಂದಿನ ಸಾಲಿನಲ್ಲಿ ನಿನ್ನ ಜಾಗ ಖಾಲಿ. ಬಾಗಿಲು ಹಾಕುವ ತನಕ ತಿರುತಿರುಗಿ ನೋಡಿದೆ. ನೀನು ಹೇಳಿಕೊಟ್ಟ ಲೆಕ್ಕಗಳೇ ಬಂದಿದ್ದವು, ಒಂದೊಂದಾಗಿ ಬರೆದೆ.

ನೀನು ಮನೆ ಮುಟ್ಟಿದಾಗ ನಿಮ್ಮವ್ವ ಒಲೆಯ ಮುಂದೆ ಕೂತು ಹೂರಣ ಕುದಿಸುತ್ತಿದ್ದಳು. ಕೊನೆಯ ಪರೀಕ್ಷೆ, ಮಗಳು ಸಂಜೆ ಮನೆಗೇ ಬರುತ್ತಾಳೆ, ಇವತ್ತು ಬುತ್ತಿ ಯಾಕೆ, ಬಿಸಿ ಹೋಳಿಗೆಯನ್ನೇ ಬಡಿಸುತ್ತೇನೆ ಎಂದು ಅವಳ ಲೆಕ್ಕ. ಎಷ್ಟು ಸಂತೋಷದಲ್ಲಿ ಇದ್ದಳೋ! ‘ಪರೀಕ್ಷೆ ಮುಗೀತೇನು?’ ಎಂದು ಕೇಳಿದಳು. ನೀನು ‘ಮುಗೀತವ್ವಾ’ ಎಂದೆ. ಅಷ್ಟೇ ನಡೆದದ್ದು. ವಾರದ ಮೇಲೆ ಸಾಮಾನು ಒಯ್ಯಲು ಈ ರೂಮಿಗೆ ಬಂದಾಗ ನನ್ನ ಎರಡೂ ಕೈ ಹಿಡಿದು ಆಣೆ ಹಾಕಿಸಿಕೊಂಡೆ: ‘ತನ್ನಿಂದ ಆತು ಅಂತ ಗೊತ್ತಾದ್ರ ಅವ್ವ ಎದಿ ಒಡಕಂತಾಳ. ಯಾರ ಮುಂದೂ ಬಾಯಿ ಬಿಡಬ್ಯಾಡ.’

ನಾನು ಬಿಡಲಿಲ್ಲ. ಮರುವರ್ಷ ಬರೆಯೋಣ ಎಂದುಕೊಂಡೆವು. ಅಷ್ಟರಲ್ಲಿ ರಿಸಲ್ಟ್ ಬಂತು, ‘ಪಾಸಾದೆ’ ಎಂದು ನೀನು ಹೇಳಿದೆ, ನಿಮ್ಮವ್ವ ಓಣಿಗೆಲ್ಲ ಪೇಡೆ ಹಂಚಿದಳು, ಬಿ.ಎಸ್ಸಿ. ಹುಡುಗಿ ಎಂದು ಕನಕರಾಜ್ ನೋಡಲು ಬಂದ. ಆಮೇಲೆ ಪರೀಕ್ಷೆ ಕಟ್ಟಬೇಕೆಂದರೆ ಎಲ್ಲರ ಮುಂದೆ ಎಲ್ಲವನ್ನೂ ಬಿಚ್ಚಿ ಹೇಳಬೇಕು. ವರ್ಷ ಕಳೆದಂತೆ ಗಂಟು ಬಿಗಿಯಾಯಿತು. ಈಗ ನಿಮ್ಮ ಕಾಲೊನಿಯ ಶಾಲೆಯವರು ‘ನಮ್ಮಲ್ಲಿ ಗಣಿತ ಹೇಳಿಕೊಡು ಬಾ’ ಎಂದು ಕರೆಯುತ್ತಿದ್ದಾರೆ. ಕನಕರಾಜ್ ನಿನಗಿಂತ ಹೆಚ್ಚು ಖುಷಿಯಲ್ಲಿದ್ದಾನೆ. ನೀನು ಮಾತ್ರ ಸರ್ಟಿಫಿಕೇಟ್ ಕಂಪ್ಲಿಯಲ್ಲಿದೆ, ತರಬೇಕು ಎಂದು ದಿನ ದೂಡುತ್ತಿದ್ದೀಯ. ಎಷ್ಟು ದಿನ ದೂಡುತ್ತೀಯ ತಾಯಿ? ಹೋದ ವಾರ ಪರೀಕ್ಷೆಯ ಮಾತು ತೆಗೆದಾಗ ಏನೆಂದೆ? ‘ಬ್ಯಾಡ ಬಿಡ್ಲೇ ಭವ್ಯಾ. ನಾ ಬರದ್ರ ಅವ್ವಗ ತಿಳೀತೈತಿ. ಆಕಿ ನೆಮ್ಮದೀಲೆ ಇರ್ಲಿ, ನನಗ ಡಿಗ್ರಿ ಬ್ಯಾಡ.’ ಮತ್ತೆ ಅವಕಾಶ ಬಂದಿದೆ ಎಂದು ನಾನು ಹೇಳುವ ಮೊದಲೇ ನೀನು ಇಟ್ಟೆ ಫೋನು.

ಈಗ ಸ್ವಲ್ಪ ಗಟ್ಟಿಯಾಗಿ ಕೂತುಕೋ.

ಕಳೆದ ಭಾನುವಾರ ನಮ್ಮ ಶಾಲೆಯ ಟೀಚರೊಬ್ಬರ ಮನೆ ಗೃಹಪ್ರವೇಶಕ್ಕೆ ಕಂಪ್ಲಿಗೆ ಹೋಗಿದ್ದೆ. ಅಲ್ಲಿಗೆ ಹೋಗಿ ನಿಮ್ಮನೆಗೆ ಹೋಗದಿದ್ದರೆ ನಿಮ್ಮವ್ವ ಬಿಡುತ್ತಾಳೆಯೇ. ಬಾಯಿಗೆ ಬೀಗ ಹಾಕಿಕೊಂಡೇ ಹೋದೆ, ಹುಲಿಗೆಮ್ಮನ ಆಣೆ, ಬುದ್ಧನ ಆಣೆ. ಚಹಾ ಕೊಟ್ಟಳು, ಚುರುಮುರಿ ಕೊಟ್ಟಳು, ಮೊಮ್ಮಗಳ ಸುದ್ದಿ ಕೇಳಿದಳು. ನಿಮ್ಮಪ್ಪ ಎದ್ದು ಹೊಲಕ್ಕೆ ಹೋದ ಮೇಲೆ ಮೆಲ್ಲಗೆ ಕೇಳಿದಳು, ‘ಭವ್ಯಾ, ಆಕಿ ಅವತ್ತು ಪರೀಕ್ಷೆ ಬರೀಲಿಲ್ಲ, ಹೌದಲ್ಲ?’

ನಾನು ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟೆ. ಅವಳೇ ಮುಂದುವರಿಸಿದಳು:

‘ಮೂರು ವರ್ಷ ಆ ಬಸ್ಸಿಗೆ ಬುತ್ತಿ ಇಟ್ಟಾಕಿ ನಾನು, ಯಾವ ಬಸ್ಸು ಯಾವಾಗ ಬರತೈತಿ ಅಂತ ನನಗ ಗೊತ್ತಿಲ್ಲೇನು? ಒಂದು ಗಂಟೆಗೆ ಮುಗಿಯೋ ಪರೀಕ್ಷೆ ಅಂತ ಆಕೀನ ಹೇಳಿದ್ಳು. ನನ್ನ ಹೂರಣ ಇನ್ನೂ ಒಲಿ ಮ್ಯಾಲೆ ಐತಿ, ಆಗಲೇ ಬಾಗಿಲಾಗ ನಿಂತಾಳ. ಓದಿದ್ದು ಮರತು ಹೆದರಿ ಓಡಿ ಬಂದೈತಿ ಕೂಸು ಅಂದ್ಕಂಡೆ. ಕೇಳಿದ್ರ ಮಕ ಸಣ್ಣದು ಮಾಡ್ಕಂತಾಳ ಅಂತ ಕೇಳ್ಲಿಲ್ಲ.’

ಹಾಗಾದರೆ ಪೇಡೆ ಯಾಕೆ ಹಂಚಿದೆ ಅವ್ವಾ ಎಂದೆ. ‘ಪಾಸಾಗೀನಿ ಅಂತ ಮಗಳು ಬಂದು ಹೇಳಿದ ಮ್ಯಾಲೆ ಹಂಚದ ಇದ್ರ ನನಗ ಗೊತ್ತೈತಿ ಅಂತ ಆಕಿಗೆ ತಿಳೀತಿರ್ಲಿಲ್ಲೇನು?’ ಎಂದಳು.

ತುಳಸಿ, ನೀನು ಅವಳಿಂದ ಮುಚ್ಚಿಟ್ಟೆ, ಅವಳು ನಿನ್ನಿಂದ ಮುಚ್ಚಿಟ್ಟಳು. ನಡುವೆ ನಾನು ಆಣೆ ಹಾಕಿಕೊಂಡ ದಡ್ಡಿ. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ‘ಯಾಕ ಓಡಿ ಬಂದಿದ್ಳು? ನಿನಗರ ಹೇಳ್ಯಾಳೇನು?’ ಎಂದು ಕೇಳಿದಳು. ನಿನ್ನ ಆಣೆ ನೆನಪಿತ್ತು. ‘ನಿನ್ನ ನೋಡಬೇಕು ಅನ್ನಿಸಿ ಬಂದಿದ್ಳು ಅವ್ವಾ’ ಎಂದೆ. ಅದು ಸುಳ್ಳಲ್ಲವಲ್ಲ. ಆಮೇಲೆ ಪರೀಕ್ಷೆಗೆ ಮತ್ತೆ ಅವಕಾಶ ಬಂದಿರುವ, ನಿನ್ನನ್ನು ಎರಡು ವಾರ ರೂಮಿಗೆ ಕರೆಸಿಕೊಳ್ಳುವ ವಿಷಯ ಹೇಳಿದೆ. ಅದನ್ನು ಹೇಳಬಾರದೆಂದು ನೀನು ಆಣೆ ಹಾಕಿಸಿಕೊಂಡಿರಲಿಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು, ಅಕ್ಕಿ ಹಸನು ಮಾಡಲು ಮೊರ ತೆಗೆದುಕೊಂಡಳು. ‘ನಿಮಗ ಎರಡು ವಾರಕ್ಕ ಎಷ್ಟು ಬೇಕಾಕ್ಕೇತಿ?’ ಎಂದು ಅಷ್ಟೇ ಕೇಳಿದಳು.

ನಿನ್ನೆ ಅವಳು ಬಂದಳು. ಹೌದು, ಇಲ್ಲಿಗೇ, ಬೆಳಗಿನ ಬಸ್ಸಿಗೆ ಅಕ್ಕಿ ಚೀಲ ಹಾಕಿಕೊಂಡು! ಮೂರು ವರ್ಷ ಈ ರೂಮಿಗೆ ಉಣ್ಣಿಸಿದವಳು ರೂಮನ್ನು ಒಮ್ಮೆಯೂ ನೋಡಿರಲಿಲ್ಲ. ಮೊಮ್ಮಗಳು ಬರುವ ಮುಂಚೆ ಜಾಗ ಹೇಗಿದೆ ನೋಡಬೇಕಂತೆ. ನಾನು ಕರೆದುಕೊಂಡು ಬರಲು ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಬಸ್ಸು ನಿಲ್ಲುವ ಮೊದಲೇ ಹುಡುಗ ಹುಡುಗಿಯರು ಡ್ರೈವರ್ ಬಾಗಿಲಿಗೆ ಮುತ್ತಿದರು. ನಿಮ್ಮವ್ವ ಇಳಿದವಳು ಅಲ್ಲೇ ನಿಂತಳು. ಬುತ್ತಿ ಇಡುವುದು ಅವಳಿಗೆ ಗೊತ್ತಿತ್ತು, ಇಳಿಸಿಕೊಳ್ಳುವುದನ್ನು ಎಂದೂ ಕಂಡಿರಲಿಲ್ಲ. ಒಬ್ಬೊಬ್ಬರೇ ಡಬ್ಬಿ ತೆಗೆದುಕೊಂಡು ಹೋದರು. ಕೊನೆಗೆ ಒಂದು ಹುಡುಗಿ ಉಳಿದಳು. ಅವಳದು ಬಂದಿರಲಿಲ್ಲ. ಬಾನೆಟ್ಟಿನ ಮೇಲೆ, ಸೀಟಿನ ಕೆಳಗೆ ಹುಡುಕಿದಳು, ಫೋನ್ ಹಚ್ಚಿದಳು, ಆ ಕಡೆಯವರು ಎತ್ತುವ ತನಕ ಅವಳ ಮುಖ ನೋಡಲು ಆಗುತ್ತಿರಲಿಲ್ಲ. ಅವರಮ್ಮನಿಗೆ ಏನೂ ಆಗಿರಲಿಲ್ಲ, ಬಸ್ಸು ತಪ್ಪಿತ್ತು ಅಷ್ಟೇ. ಹುಡುಗಿ ನಗುತ್ತಾ ಹೋದಳು.

ಆಟೋದಲ್ಲಿ ನಿಮ್ಮವ್ವ ಅಕ್ಕಿ ಚೀಲ ಹಿಡಿದುಕೊಂಡು ಕೂತಿದ್ದಳು. ಚಿತ್ತವಾಡ್ಗಿ ಹತ್ತಿರ ಬಂದಾಗ, ‘ಬುತ್ತಿ ಬರ್ಲಿಲ್ಲಂದ್ರ ಹುಡುಗ್ರು ಹಿಂಗ ಹೆದರ್ತಾವೇನು?’ ಎಂದು ಕೇಳಿದಳು. ಹೌದು ಅವ್ವಾ ಎಂದೆ. ನಾನು ಹೇಳಿದ್ದು ಅಷ್ಟೇ, ತುಳಸಿ. ಅವಳು ಆ ಕಡೆ ಮುಖ ಮಾಡಿ ಕೂತಳು.

ಎದೆ ಒಡೆದುಕೊಂಡಿಲ್ಲ, ಗಾಬರಿಯಾಗಬೇಡ. ಇಡೀ ರೂಮು ಗುಡಿಸಿ ಒರೆಸಿ, ಎರ್ರೆಮ್ಮನ ಜೊತೆ ಒಂದು ಜಗಳ ಆಡಿ ರಾಜಿಯೂ ಆಗಿ, ಈಗ ನನ್ನ ಪಕ್ಕದಲ್ಲೇ ಗೋಡೆಗೆ ಒರಗಿ ಕೂತಿದ್ದಾಳೆ. ಇಷ್ಟುದ್ದ ಏನು ಬರೆಯುತ್ತೀಯ, ಓದಿ ಹೇಳು ಎಂದು ಎರಡು ಸಲ ಕೇಳಿದಳು. ಹೋಳಿಗೆ ಕೋತಿ ಎಂದು ಅಲ್ಲಲ್ಲಿ ಓದಿ ತಪ್ಪಿಸಿಕೊಂಡೆ. ಉಳಿದದ್ದನ್ನು ಅವಳಿಗೆ ನೀನೇ ಹೇಳಬೇಕು, ಇಲ್ಲಿಗೆ ಬಂದು, ಅವಳ ತೊಡೆಯ ಮೇಲೆ ತಲೆ ಇಟ್ಟು. ಕನಕರಾಜನಿಗೂ ಇವತ್ತೇ ಹೇಳು. ಸಿಟ್ಟಾದರೆ ಆಗಲಿ, ಒಂದು ದಿನ ಆಗಲಿ. ಹೆಂಡತಿ ಟೀಚರ್ ಆಗುತ್ತಾಳೆ ಎಂದು ಕುಣಿಯುವ ಮನುಷ್ಯ ಅವನು, ಬಸ್ಸಿಗೆ ಕೂರಿಸಿ ಟಾಟಾ ಮಾಡುತ್ತಾನೆ ನೋಡು.

ನಿಮ್ಮವ್ವ ತನ್ನದೂ ನಾಲ್ಕು ಮಾತು ಬರೆ ಎನ್ನುತ್ತಿದ್ದಾಳೆ. ಅವಳು ಹೇಳಿದಂತೆಯೇ ಬರೆಯುತ್ತೇನೆ, ಒಂದಕ್ಷರವೂ ನನ್ನದಲ್ಲ:

‘ಜಲ್ದಿ ಬಾ. ಕೂಸನ್ನ ನಾ ನೋಡ್ಕಂತೀನಿ. ನೀವು ಇಬ್ರೂ ಓದ್ಕಳ್ರಿ. ಪರೀಕ್ಷೆ ದಿನ ನಾನೂ ನಿನ್ನ ಜೋಡಿ ಬರ್ತೀನಿ. ಒಂದು ಗಂಟೆ ಹೊಡಿಯೋ ತನಕ ಗೇಟಿನ ಮುಂದನ ಕುಂತಿರ್ತೀನಿ, ಎಲ್ಲಿಗೂ ಹೋಗಂಗಿಲ್ಲ. ಅವ್ವ ಅದಾಳೋ ಇಲ್ಲೋ ಅಂತ ಎದ್ದು ಓಡಿ ಬರಬ್ಯಾಡ. ಬೇಕಂದ್ರ ಒಮ್ಮಿ ಕಿಟಕ್ಯಾಗಿಂದ ನೋಡು, ಅದೀನಿ. ನೋಡಿ, ಬರಿ.’

ನಿನ್ನ ದಾರಿ ಸಲೀಸಾಗಲಿ, ಮಗಳಿಗೆ ನನ್ನ ಮುತ್ತುಗಳು. ಬಾ ತುಳಸಿ.

ಎಂದೆಂದೂ ನಿನ್ನ ರೂಮಿನವಳು,
ಭವ್ಯ